ಏಳನೆಯ ದಿನ ಮನ್ನ ಹುಡುಕಲು ಹೊರಟವರು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಸತ್ಯವೇದದ ಇಬ್ರಿಯರಿಗೆ ಬರೆದ ಪತ್ರದ 3 ಮತ್ತು 4ನೇ ಅಧ್ಯಾಯದ ಪ್ರಸಂಗ ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಅಪನಂಬಿಕೆಯ ಕಾರಣ ಇಸ್ರಾಯೇಲ್ಯರು ದೇವರ ವಿಶ್ರಾಂತಿಯಲ್ಲಿ ಸೇರಲಿಲ್ಲ ಎಂಬ ಮಾತು ನಿನಗೇ ಹೇಳಿದಂತಿತ್ತಂತೆ. ತಲೆ ತುಂಬ ಪ್ರಶ್ನೆ ಇರುವವನಿಗೆ ಅಲ್ಲಿ ಜಾಗ ಎಲ್ಲಿ ಅಂತ ಕೇಳಿದ್ದೀಯ. ವಿಶ್ರಾಂತಿಯ ಮಾತು ಕೇಳಿ ನಿದ್ದೆ ಕೆಡಿಸಿಕೊಳ್ಳುವುದು ನಿನ್ನಿಂದ ಮಾತ್ರ ಸಾಧ್ಯ ಮಾರಾಯ.

ಅಲ್ಲಿ ಯಾರ ವಿಷಯ ಹೇಳಿದ್ದಾರೆ ಅಂತ ಮೊದಲು ನೋಡು. ಸತ್ಯವೇದದ ಅರಣ್ಯಕಾಂಡ 13 ಮತ್ತು 14 ತೆಗೆ. ಐಗುಪ್ತದ ದಾಸತ್ವ ಬಿಟ್ಟು ಬಂದ ಇಸ್ರಾಯೇಲ್ಯರ 12 ಜನ ಗೂಢಚಾರರು, ದೇವರು ಮಾತು ಕೊಟ್ಟಿದ್ದ ಕಾನಾನ್ ದೇಶವನ್ನು 40 ದಿನ ಸುತ್ತಿ, ಜನ ಪಾಳೆಯ ಹಾಕಿದ್ದ ಕಾದೇಶಿಗೆ ಬಂದರು. ಎಷ್ಕೋಲ್ ಕಣಿವೆಯಿಂದ ತಂದದ್ದು ಒಂದೇ ದ್ರಾಕ್ಷಿ ಗೊಂಚಲು. ಅದನ್ನು ಕೋಲಿಗೆ ಹಾಕಿ ಇಬ್ಬರು ಹೊರಬೇಕಾಯಿತು. ಜೊತೆಗೆ ದಾಳಿಂಬೆ, ಅಂಜೂರ ಬೇರೆ. ಹಾಲೂ ಜೇನೂ ಹರಿಯುವ ದೇಶವೇ ಹೌದು ಅಂತ ಒಪ್ಪಿಕೊಂಡರು. ಆಮೇಲೆ ಶುರುವಾಯಿತು ರಾಗ: ಅಲ್ಲಿನವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳು. ಹೋಗೋಣ ಅಂದವರು ಯೆಹೋಶುವ, ಕಾಲೇಬ ಇಬ್ಬರೇ. ಜನ ರಾತ್ರಿಯೆಲ್ಲ ಅತ್ತು, ಐಗುಪ್ತಕ್ಕೇ ವಾಪಸ್ ಹೋಗೋಣ ಅಂದರು.

ಇದು ಸಂಶಯವಾ? ಸಮುದ್ರ ದಾಟಿ ಬಂದವರು ಅವರು. ದೇವರು ಆಕಾಶದಿಂದ ಸುರಿಸಿದ ಆಹಾರ ಮನ್ನವನ್ನು ದಿನಾ ಬೆಳಿಗ್ಗೆ ತಿಂದವರು. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯೇ ಅಲ್ಲಿ ನಡೆಯಲಿಲ್ಲ. ದ್ರಾಕ್ಷಿ ಕಣ್ಣೆದುರಿಗೇ ಇತ್ತು, ಆದರೂ ಹೋಗುವುದಿಲ್ಲ ಅಂದರು.

ಅದಕ್ಕೆ ಶಿಕ್ಷೆಯಾಗಿ ದಿನಕ್ಕೊಂದು ವರ್ಷದಂತೆ 40 ವರ್ಷ ಅರಣ್ಯದಲ್ಲಿ ಅಲೆದದ್ದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಮರುದಿನ ಬೆಳಿಗ್ಗೆಯ ಕಥೆ. ಅದೇ ಜನ ಬೇಗ ಎದ್ದು, ಈಗ ಹೋಗುತ್ತೇವೆ ಅಂತ ಬೆಟ್ಟ ಹತ್ತಿದರು. ಅವರ ನಾಯಕ ಮೋಶೆ ಬೇಡ ಅಂದ. ದೇವರು ಜೊತೆಗಿದ್ದಾನೆ ಎಂಬುದರ ಗುರುತಾದ ಒಡಂಬಡಿಕೆಯ ಮಂಜೂಷ ಎಂಬ ಪೆಟ್ಟಿಗೆ ಪಾಳೆಯ ಬಿಟ್ಟು ಕದಲಲಿಲ್ಲ. ಅಮಾಲೇಕ್ಯರೂ ಕಾನಾನ್ಯರೂ ಅವರನ್ನು ಹೊರ್ಮಾದವರೆಗೆ ಹೊಡೆದು ಓಡಿಸಿದರು. ಹೋಗು ಅಂದಾಗ ಹೋಗಲಿಲ್ಲ, ಬೇಡ ಅಂದಾಗ ಹೊರಟರು. ನನಗೆ ಎರಡೂ ಒಂದೇ ರೋಗ ಅನ್ನಿಸುತ್ತದೆ. ಎರಡು ಸಲವೂ ಅವರ ಲೆಕ್ಕದಲ್ಲಿ ಇದ್ದದ್ದು ತಮ್ಮ ಕೈಬಲ ಮಾತ್ರ.

ವಿಮೋಚನಕಾಂಡ 16 ಇನ್ನೂ ಮಜವಾಗಿದೆ. ಬೇರೆ ದಿನ ನಾಳೆಗೆ ಅಂತ ಎತ್ತಿಟ್ಟರೆ ಮನ್ನಕ್ಕೆ ಹುಳ ಬೀಳುತ್ತಿತ್ತು. ಆರನೆಯ ದಿನ ಎರಡರಷ್ಟು ಸಿಗುತ್ತಿತ್ತು, ಅದು ಕೆಡುತ್ತಿರಲಿಲ್ಲ. ಏಳನೆಯ ದಿನ ಹೊರಗೆ ಬರಬೇಡಿ ಅಂದಿದ್ದರೂ ಕೆಲವರು ಹುಡುಕಲು ಹೊರಟೇಬಿಟ್ಟರು. ಏನೂ ಸಿಗಲಿಲ್ಲ. ಹಸಿದು ಹೋದರಾ? ಊಟ ಪಾತ್ರೆಯಲ್ಲೇ ಇತ್ತಲ್ಲ! ಸುಮ್ನೆ ಕೂರಲು ಆಗಲಿಲ್ಲ, ಅಷ್ಟೇ.

ಅಪನಂಬಿಕೆ ಅಂದರೆ ನನಗೆ ನೆನಪಾಗುವುದು ಇವರೇ. ಬೇಜಾರು ಮಾಡಿಕೊಳ್ಳಬೇಡ, ಆಮೇಲೆ ನೀನು. ಹಡ್ಸನ್ ಚರ್ಚಿನ ಕೊನೆ ಬೆಂಚಿನಲ್ಲಿ ಸತ್ಯವೇದದ ಮೇಲೆ ಫೋನ್ ಇಟ್ಟುಕೊಂಡು ಆಫೀಸಿನ ಮೇಲ್ ನೋಡುತ್ತೀಯ. ಆರಾಧನೆ ಮುಗಿದರೆ ಕಾರ್ಪೊರೇಷನ್ ಸಿಗ್ನಲ್‌ನಲ್ಲಿ ಹೆಲ್ಮೆಟ್ ಒಳಗೆ ಅದನ್ನೇ ತುರುಕಿಕೊಂಡು, ಐದು ನಿಮಿಷ ಸಾರ್ ಅನ್ನುತ್ತೀಯ. ನಿನ್ನ ಪ್ರಶ್ನೆಗಳಿಗಿಂತ ನನಗೆ ಇದರ ಚಿಂತೆ ಜಾಸ್ತಿ.

ಆದಿಕಾಂಡದಲ್ಲಿ ದೇವರು ಲೋಕ ಸೃಷ್ಟಿಸಿದ ಮೊದಲ ಆರು ದಿನಕ್ಕೂ ಸಾಯಂಕಾಲವಾಯಿತು, ಬೆಳಗಾಯಿತು ಎಂಬ ಸಾಲು ಬರುತ್ತದೆ. ಆತ ವಿಶ್ರಮಿಸಿದ ಏಳನೆಯ ದಿನಕ್ಕೆ ಆ ಸಾಲೇ ಇಲ್ಲ. ಆ ದಿನ ಮುಗಿಯಿತು ಅಂತ ಎಲ್ಲೂ ಬರೆದಿಲ್ಲ. ಯೆಹೋಶುವ ಜನರನ್ನು ಕಾನಾನಿನಲ್ಲಿ ನೆಲೆಗೊಳಿಸಿ ಎಷ್ಟೋ ಕಾಲವಾದ ಮೇಲೂ 95ನೇ ಕೀರ್ತನೆ, ಈ ಹೊತ್ತು ಆತನ ಮಾತು ಕೇಳಿದರೆ ಮನಸ್ಸು ಕಲ್ಲು ಮಾಡಿಕೊಳ್ಳಬೇಡಿ ಅನ್ನುತ್ತದೆ. ಹಾಗಾದರೆ ಆ ದೇಶ ಸಿಕ್ಕಿದ ಮಾತ್ರಕ್ಕೆ ವಿಶ್ರಾಂತಿ ಸಿಕ್ಕಿಬಿಡಲಿಲ್ಲ, ಬಾಗಿಲು ಇನ್ನೂ ತೆರೆದೇ ಇದೆ ಎಂಬುದು ಇಬ್ರಿಯರ ಪತ್ರದ ವಾದ. ದೇವರು ಸುಸ್ತಾಗಿ ಮಲಗಿದ ಅಂತಲೂ ಅಲ್ಲ. ಸಬ್ಬತ್ ಎಂಬ ವಿಶ್ರಾಂತಿಯ ದಿನವೇ ರೋಗಿಯನ್ನು ವಾಸಿ ಮಾಡಿದ ಯೇಸು, ನನ್ನ ತಂದೆ ಈಗಲೂ ಕೆಲಸ ಮಾಡುತ್ತಿದ್ದಾನೆ ಅಂದ. ಎಲ್ಲ ನಿನ್ನ ತಲೆಯ ಮೇಲೆ ನಿಂತಿಲ್ಲ ಎಂಬ ಧೈರ್ಯದಲ್ಲಿ ಬದುಕುವುದೇ ಆ ವಿಶ್ರಾಂತಿ ಅಂತ ನಾನು ಓದಿಕೊಳ್ಳುತ್ತೇನೆ. ಅಂದ ಹಾಗೆ, ಧರ್ಮೋಪದೇಶಕಾಂಡ 5ರಲ್ಲಿ ಆಳುಗಳಿಗೂ ಅದೇ ದಿನ ವಿಶ್ರಾಂತಿ ಸಿಗಬೇಕು ಅಂತಿದೆ. ನಿಮ್ಮ ಮನೆಗೆಲಸದವರಿಗೆ ಭಾನುವಾರ ರಜೆ ಇದೆಯಾ?

ನಿನ್ನ ಸಂಶಯಕ್ಕೆ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ಸಾಕು. ಮಗನ ಕಾಯಿಲೆಯಿಂದ ಬೇಸತ್ತ ಅಪ್ಪ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು ಅಂತ ಯೇಸುವಿನ ಎದುರಿಗೇ ಕೂಗಿಕೊಂಡ. ಯೇಸು ಅವನನ್ನು ಬೈಯಲಿಲ್ಲ. ಹುಡುಗ ವಾಸಿಯಾದ.

ಮೋಶೆಯ ವಿಷಯ ಮಾತ್ರ ನನಗೆ ಇವತ್ತಿಗೂ ಕಸಿವಿಸಿ. ಮೆರೀಬಾ ಎಂಬಲ್ಲಿ ನೀರಿಗಾಗಿ ಬಂಡೆಯೊಂದಿಗೆ ಮಾತಾಡು ಅಂತ ದೇವರು ಹೇಳಿದ್ದರೆ, ಅವನು ಕೋಲಿನಿಂದ ಹೊಡೆದ. ನೀನು ನನ್ನನ್ನು ನಂಬಲಿಲ್ಲ ಅಂತ ದೇವರು ಅವನನ್ನೂ ಆ ದೇಶಕ್ಕೆ ಬಿಡಲಿಲ್ಲ. ಇಷ್ಟು ಕಾಲ ಆ ಜನರನ್ನು ಹೊತ್ತವನಿಗೆ ಇದು ನ್ಯಾಯವಾ? ಈ ಭಾನುವಾರ ಆರಾಧನೆ ಆದ ಮೇಲೆ ಕಬ್ಬನ್ ಪಾರ್ಕಿನಲ್ಲಿ ಕೂತು ಜಗಳ ಆಡೋಣ. ಫೋನ್ ಮನೆಯಲ್ಲೇ ಬಿಟ್ಟು ಬಾ. ನಿನ್ನ ಆಫೀಸು ಮುಳುಗಿತಾ ಇಲ್ವಾ ಅಂತ ಸೋಮವಾರ ವಿಚಾರಿಸುತ್ತೇನೆ.

ನಿನ್ನ ಗೆಳೆಯ