ಟುಪೊಲೆವ್ ವಿಮಾನಕ್ಕೆ ಉಪ್ಪುಗಾಳಿಯಿಂದ ರಕ್ಷಣೆ ಬೇಕು

ಮಾನ್ಯರೇ,

ಕಳೆದ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿದ್ದೆ. ಅಲ್ಲಿ ಪ್ರದರ್ಶನಕ್ಕಿಟ್ಟ ಚಪಲ್ ಯುದ್ಧನೌಕೆಯನ್ನು ಹಿಂದೆಯೇ ನೋಡಿದ್ದರಿಂದ ಈ ಸಲ ನೇರ ನೌಕಾಪಡೆಯ ನಿವೃತ್ತ ಟುಪೊಲೆವ್-142 ವಿಮಾನದ ಹತ್ತಿರ ನಡೆದೆವು.

ನಾನು ತದಡಿ ಬಂದರಿನಲ್ಲಿ 35 ವರ್ಷ ದೋಣಿ ಎಂಜಿನ್ ರಿಪೇರಿ ಮಾಡಿದವನು. 50 ಮೀಟರಿನಷ್ಟು ಅಗಲಕ್ಕೆ ಚಾಚಿದ ರೆಕ್ಕೆ ಕಂಡರೂ ನನ್ನ ಕಣ್ಣು ನಿಂತದ್ದು ಎಂಜಿನ್ ಮೇಲೆ. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲ್ಲರ್, ಒಂದರ ಬೆನ್ನಿಗೆ ಇನ್ನೊಂದು. 'ಒಂದು ಸಾಲ್ತಿರ್ಲಿಲ್ವಾ ಅಜ್ಜಾ?' ಎಂದಳು ಮೊಮ್ಮಗಳು. ಒಂಟಿ ಪ್ರೊಪೆಲ್ಲರಿನ ದೋಣಿ ಹೊರಡುವಾಗ ಒಂದು ಮಗ್ಗುಲಿಗೆ ಎಳೆಯುವುದನ್ನು ಅವಳು ನೋಡಿದ್ದಾಳೆ. ಇಲ್ಲಿ ಎರಡೂ ಎದುರುಬದುರು ದಿಕ್ಕಿಗೆ ತಿರುಗುತ್ತವೆ, ಮುಂದಿನದು ಸುತ್ತಿಸಿ ಬಿಟ್ಟ ಗಾಳಿಯನ್ನು ಹಿಂದಿನದು ನೆಟ್ಟಗೆ ಮಾಡಿ ತಳ್ಳುತ್ತದೆ ಎಂದೆ. ಥಟ್ಟನೆ ಅರ್ಥವಾಯಿತು.

ನೌಕಾಪಡೆ ಇಂಥ ಎಂಟು ವಿಮಾನ ತರಿಸಿದ್ದು 1988ರಲ್ಲಿ. ಮೊದಲ ಕೆಲವು ವರ್ಷ ಅವುಗಳ ನೆಲೆ ಪಕ್ಕದ ಗೋವಾದಲ್ಲೇ ಇತ್ತು. ನಮ್ಮ ದೋಣಿಗಳ ನೆತ್ತಿಯ ಮೇಲೂ ಹಾರಿರಬೇಕು. ಸಮುದ್ರಕ್ಕೆ ತೇಲುಯಂತ್ರ ಬೀಳಿಸಿ, ನೀರಿನಡಿಯ ಸದ್ದು ಕೇಳಿ ಜಲಾಂತರ್ಗಾಮಿ ಹುಡುಕುವುದು ಅವುಗಳ ಕೆಲಸ. 2017ರಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಯಾದವು. ಅವುಗಳಲ್ಲೊಂದನ್ನು ಬಿಚ್ಚಿ, ರಸ್ತೆಯಲ್ಲಿ ತಂದು, ಇಲ್ಲಿ ಮರುಜೋಡಿಸಿದ್ದಾರೆ. ಅದು ಸಣ್ಣ ಕೆಲಸವಲ್ಲ.

ನನ್ನ ಕಳವಳ ಉಪ್ಪುಗಾಳಿಯದು. ಅರಕ್ಕೋಣಂ ಒಳನಾಡು. ಇಲ್ಲಿ ಅಲೆ ಕೂಗಳತೆಯಲ್ಲಿದೆ. ಅಲ್ಯೂಮಿನಿಯಂ ಹಾಳೆಗೆ ಉಕ್ಕಿನ ಬೋಲ್ಟು ಕೂತ ಕಡೆ ಉಪ್ಪುನೀರು ಸೇರಿದರೆ ಮೊದಲು ಬಿಳಿ ಪುಡಿ ಕಾಣುತ್ತದೆ. ಆಮೇಲೆ ಬಣ್ಣ ಉಬ್ಬುತ್ತದೆ. ಉಬ್ಬಿದ ಬಣ್ಣ ಕೆರೆದು ನೋಡಿದರೆ ಒಳಗೆ ಲೋಹವೇ ಉಳಿದಿರುವುದಿಲ್ಲ. ದೋಣಿಗಾದರೆ ಸತುವಿನ ತುಂಡು ಕಟ್ಟಿ ನೀರೊಳಗಿನ ಭಾಗ ಉಳಿಸುತ್ತೇವೆ. ಗಾಳಿಯಲ್ಲಿ ನಿಂತ ವಿಮಾನಕ್ಕೆ ಆ ಉಪಾಯ ನಡೆಯುವುದಿಲ್ಲ, ಉಪ್ಪನ್ನು ತೊಳೆಯುತ್ತಲೇ ಇರಬೇಕು.

ಆದ್ದರಿಂದ ಜಿಲ್ಲಾಡಳಿತ ಮತ್ತು ನೌಕಾಪಡೆಯಲ್ಲಿ ನನ್ನ ವಿನಂತಿ: ತಿಂಗಳಿಗೊಮ್ಮೆಯಾದರೂ ಸಿಹಿನೀರಿನಲ್ಲಿ ಇಡೀ ವಿಮಾನ ತೊಳೆಸಿ. ಮಳೆಗಾಲಕ್ಕೆ ಮುಂಚೆ ಹೊಟ್ಟೆಯಡಿಯ ನೀರು ಹೋಗುವ ತೂತುಗಳನ್ನು ಬಿಡಿಸಿ, ಸಂದಿಗಳಿಗೆ ಗ್ರೀಸ್ ಹಚ್ಚಿಸಿ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಮಕ್ಕಳನ್ನು ಈ ಕೆಲಸಕ್ಕೆ ಸೇರಿಸಿಕೊಂಡರೆ ಅವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಕರೆದರೆ ಮೊಣಕಾಲು ನೋವಿದ್ದರೂ ತದಡಿಯಿಂದ ಮೊದಲ ಬಸ್ಸಿಗೆ ನಾನೂ ಬರುತ್ತೇನೆ.

— ನಿವೃತ್ತ ದೋಣಿ ಮೆಕ್ಯಾನಿಕ್, ತದಡಿ