ಬ್ಯಾಕ್ ಪಾಕೆಟ್‌ಗೆ ಹಾಕಿದರು ಅಂತ ಬೇಜಾರಾಗಬೇಡ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ಶನಿವಾರ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟ ಮುಗಿದ ಮೇಲೆ ಕಾರಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಮೊಣಕಾಲಿನ ಕೆಸರು ಒಣಗಿ ಸೀಟಿನ ಮೇಲೆ ಉದುರುತ್ತಿತ್ತು. ನೀನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಮೈದಾನದ ನಡುವೆ ಸೆಂಟರ್ ಆಡುತ್ತಿದ್ದವಳನ್ನು ಕೋಚ್ ನಮ್ಮ ಗೋಲಿನ ಪಕ್ಕದ ಮೂಲೆ ಕಾಯುವ ಬ್ಯಾಕ್ ಪಾಕೆಟ್‌ಗೆ ಹಾಕಿದ್ದೇ ಸಂಕಟ ಅಂತ ರಾತ್ರಿ ನಿಮ್ಮಪ್ಪ ಹೇಳಿದ.

ನಮ್ಮ ಜಿಲಾಂಗ್ ತಂಡದ ಬರ್ನಿ ಸ್ಮಿತ್ ಕಥೆ ನಿನಗೆ ಗೊತ್ತಾ? 1947ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೆಸ್ಟ್ ಅಡಿಲೇಡ್ ತಂಡದ ಜೊತೆ ಅಲ್ಲಿನ ಲೀಗ್ ಗೆದ್ದು, ಮರುವರ್ಷ ಇಲ್ಲಿಗೆ ಬಂದ. ಆಗ ಅವನಿಗೆ 20 ವರ್ಷ. ಅಲ್ಲಿ ಸೆಂಟರ್ ಆಡಿದವನು ಇಲ್ಲಿ ಬ್ಯಾಕ್ ಪಾಕೆಟ್‌ಗೆ ಹೋದ. ಹೌದು, ನಿನ್ನ ಹಾಗೇ. 1949ರಲ್ಲಿ ಕೋಚ್ ಆಗಿ ಬಂದ ರೆಗ್ ಹಿಕಿ ತಮ್ಮ ಕಾಲದಲ್ಲಿ ದೊಡ್ಡ ಡಿಫೆಂಡರ್ ಆಗಿದ್ದವರು.

ಎದುರಾಳಿಗೆ ಅಂಟಿಕೊಂಡು ನಿಂತು, ಅವನ ಕೈಗೆ ಚೆಂಡು ಸಿಗದ ಹಾಗೆ ನೋಡಿಕೊಂಡರೆ ಆ ಮೂಲೆಯ ಕೆಲಸ ಮುಗಿಯಿತು ಅನ್ನುವುದು ಆ ಕಾಲದ ಲೆಕ್ಕ. ಸ್ಮಿತ್ ಅಷ್ಟಕ್ಕೇ ಬಿಡಲಿಲ್ಲ. ಚೆಂಡು ಕಿತ್ತುಕೊಂಡು ಮೂಲೆಯಿಂದ ಹೊರಗೆ ಓಡುತ್ತಿದ್ದ, ಮುಂದೆ ನಿಂತ ತನ್ನವರಿಗೆ ಒದೆಯುತ್ತಿದ್ದ. ಜಿಲಾಂಗ್‌ನ ದಾಳಿ ಎಷ್ಟೋ ಸಲ ಅಲ್ಲಿಂದಲೇ ಶುರು.

ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ 1951ರಲ್ಲಿ ಅವನಿಗೇ ಬಂತು. ಪ್ರತಿ ಪಂದ್ಯಕ್ಕೆ ಅಂಪೈರ್ ಮೂವರಿಗೆ 3, 2, 1 ಅಂತ ವೋಟು ಹಾಕುತ್ತಾರೆ, ಅಲ್ವಾ? ಅವರ ಕಣ್ಣಿಗೆ ಜಾಸ್ತಿ ಬೀಳುವವರು ನಡುಮೈದಾನದವರು. ಬ್ಯಾಕ್ ಪಾಕೆಟ್ ಆಟಗಾರನೊಬ್ಬ ಅದನ್ನು ಗೆದ್ದದ್ದು ಅದೇ ಮೊದಲು. ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದೇ ವರ್ಷ ಫೈನಲ್‌ನಲ್ಲಿ ಎಸೆಂಡನ್ ಮೇಲೆ 11 ಪಾಯಿಂಟ್ ಗೆಲುವು, 1952ರಲ್ಲಿ ಕಾಲಿಂಗ್‌ವುಡ್ ಮೇಲೆ 46. 1958ರವರೆಗೆ 183 ಪಂದ್ಯ ಆಡಿದ. 1996ರಲ್ಲಿ ಲೀಗ್‌ನವರು ಶತಮಾನದ ತಂಡ ಆರಿಸಿದಾಗಲೂ ಅವನ ಹೆಸರು ಅದೇ ಬ್ಯಾಕ್ ಪಾಕೆಟ್‌ನಲ್ಲಿತ್ತು.

ಈಗ ನಿನ್ನ ವಿಷಯ. ಮೂರನೇ ಕ್ವಾರ್ಟರ್‌ನಲ್ಲಿ ಚೆಂಡು ನಿನ್ನ ಮುಂದೆಯೇ ಪುಟಿಯಿತು. ನಿನ್ನ ಕಣ್ಣು ಮಾತ್ರ ಆ ಹುಡುಗಿಯ ಜೆರ್ಸಿ ಮೇಲಿತ್ತು. ಅವಳು ಬಗ್ಗಿದ ಮೇಲೆ ನೀನು ಬಗ್ಗಿದೆ. ಕೈಗೆ ಎಟುಕುವಷ್ಟು ಹತ್ತಿರ ಇರು ಮಗಳೇ, ಆದರೆ ನೋಡುವುದು ಚೆಂಡನ್ನೇ. ಸಿಕ್ಕಿದ ಮೇಲೆ ಗಾಬರಿಯಾಗಿ ಸುಮ್ನೆ ಬೌಂಡರಿ ಕಡೆ ಒದ್ದುಬಿಡಬೇಡ. ನಾಲ್ಕು ಹೆಜ್ಜೆ ಓಡು. ತಲೆ ಎತ್ತು. ನಮ್ಮವರಲ್ಲಿ ಯಾರ ಸುತ್ತ ಜಾಗ ಇದೆ ನೋಡು, ಆಮೇಲೆ ಒದೆ.

ಜಾಗ ಬದಲಿಸಿ ಅಂತ ಕೋಚ್‌ನ ಈಗಲೇ ಕೇಳಬೇಡ. ಈ ಸೀಸನ್ ಪೂರ್ತಿ ಅಲ್ಲೇ ಆಡು.

ಗುರುವಾರ ಟ್ರೈನಿಂಗ್ ಮುಗಿದ ಮೇಲೆ ಅರ್ಧ ಗಂಟೆ ಉಳಿದುಕೋ, ನಾನು ಬರುತ್ತೇನೆ. ನಾನು ಚೆಂಡು ಉರುಳಿಸುತ್ತೇನೆ, ನೀನು ಎತ್ತಿಕೊಂಡು ಓಡು.

ನಿನ್ನ,
ದೊಡ್ಡಪ್ಪ