ಕನ್ನಡ ತರಗತಿಯಲ್ಲಿ ಅರ್ಜಿ ಬರೆಯುವುದನ್ನೂ ಕಲಿಸಿ

ಮಾನ್ಯರೇ,

ನನ್ನ ಮಗಳು ಹಾಸನದಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದಾಳೆ. ಈಚೆಗೆ ಸಕಲೇಶಪುರದ ಹತ್ತಿರ ನಮ್ಮ ಗದ್ದೆಗೆ ಆನೆಗಳು ನುಗ್ಗಿ ಪೈರು ತುಳಿದವು. ಪರಿಹಾರಕ್ಕೆ ಅರಣ್ಯ ಇಲಾಖೆಗೆ ಒಂದು ಅರ್ಜಿ ಬರೆದುಕೊಡು ಅಂದೆ. 'ಮಾನ್ಯರೇ' ಎಂದು ಬರೆದು ಪೆನ್ನು ಹಿಡಿದು ಕೂತಳು. ಸರ್ವೆ ನಂಬರ್ ಎಲ್ಲಿ ಹಾಕುವುದು, ಎಷ್ಟು ಗುಂಟೆ ಹಾಳಾಯಿತೆಂದು ಹೇಗೆ ಹೇಳುವುದು, ಕೊನೆಗೆ ಏನು ಕೇಳುವುದು, ಯಾವುದೂ ತಿಳಿಯಲಿಲ್ಲ. ಏಳನೇ ಕ್ಲಾಸ್ ಓದಿದ ಪಕ್ಕದ ಮನೆಯ ಅಜ್ಜ ಬರೆದುಕೊಟ್ಟರು. ಕನ್ನಡದಲ್ಲಿ ಅವಳಿಗೆ ಒಳ್ಳೆಯ ಅಂಕವೇ ಬಂದಿದೆ!

ತಪ್ಪು ಅವಳದಲ್ಲ. ತರಗತಿಯಲ್ಲಿ ನೋಟ್ಸ್ ಬರೆಸುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. 2021ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಬಂತು. ಪಾಠ ಮಾಡುವ ರೀತಿ ಮಾತ್ರ ಹಾಗೇ ಇದೆ.

ವಚನ, ಕಥೆ ಬೇಡ ಅಂತ ಅಲ್ಲ. ಅವು ಬೇಕೇ ಬೇಕು. ಒಂದು ವಚನವನ್ನು ಐದು ಮಕ್ಕಳ ಗುಂಪಿಗೆ ಕೊಟ್ಟು, ನಿಮ್ಮ ಮಾತಲ್ಲಿ ಹೇಳಿ, ಒಪ್ಪದಿದ್ದರೆ ಯಾಕೆ ಅಂತ ವಾದಿಸಿ ಅನ್ನಬಹುದಲ್ವಾ? ಹಾಗೆ ಎದ್ದು ನಿಂತು ಮಾತಾಡಿ ರೂಢಿಯಾದ ಹುಡುಗಿ ಬ್ಯಾಂಕಿನ ಸಂದರ್ಶನದಲ್ಲೂ, ಗ್ರಾಮಸಭೆಯಲ್ಲೂ ತಡವರಿಸುವುದಿಲ್ಲ. ಹಾಲಿನ ಸೊಸೈಟಿಯ ಸಭೆಗೆ ಕಳಿಸಿ ನಡಾವಳಿ ಬರೆಸಿ. ಅತಿಥಿ ಉಪನ್ಯಾಸಕರಿಗೆ ಕೆಲಸದ ಹೊರೆ ಜಾಸ್ತಿ, ನಿಜ. ಇದು ಅವರಿಗೆ ಹೆಚ್ಚುವರಿ ಕೆಲಸ ಆಗಬಾರದು. ಅದಕ್ಕೇ ಆಂತರಿಕ ಅಂಕದಲ್ಲಿ ಅರ್ಧವನ್ನಾದರೂ ಇಂಥ ಕೆಲಸಕ್ಕೆ ಮೀಸಲಿಡಬೇಕೆಂದು ವಿಶ್ವವಿದ್ಯಾಲಯಗಳನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ತಾಯಿ, ಸಕಲೇಶಪುರ ತಾಲ್ಲೂಕು